ಗರ್ಭಕೋಶದ ಕ್ಷಯ: ಕಾಯುವ ಕೋಶಗಳೇ ಗಾಯ ಉಳಿಸಿದಾಗ

ಕೆಮ್ಮಿಲ್ಲ, ಜ್ವರವಿಲ್ಲ, ಎಕ್ಸ್‌ರೇಯಲ್ಲೂ ಏನೂ ಇಲ್ಲ. ಮಕ್ಕಳಾಗಲಿಲ್ಲವೆಂದು ನೋಯ್ಡಾ, ಗಾಜಿಯಾಬಾದ್, ಫರೀದಾಬಾದ್‌ನಿಂದ ದೆಹಲಿಯ ಏಮ್ಸ್‌ಗೆ ಬರುವ ಹೆಣ್ಣುಮಕ್ಕಳಲ್ಲಿ ಕೆಲವರಿಗೆ ಕೊನೆಗೆ ಪತ್ತೆಯಾಗುವುದು ಜನನಾಂಗದ ಕ್ಷಯ. ಜಗತ್ತಿನ ಕ್ಷಯರೋಗಿಗಳಲ್ಲಿ ಸುಮಾರು ಕಾಲುಭಾಗ ನಮ್ಮ ದೇಶದಲ್ಲಿರುವಾಗ ಇದರಲ್ಲಿ ಆಶ್ಚರ್ಯವೇನಿಲ್ಲ. ಆದರೂ ಬಂಜೆಯೆಂಬ ಮಾತು ಮಾತ್ರ ರೋಗದ ಹೆಸರಿಗಿಂತ ಮೊದಲೇ ಅವರ ಕಿವಿಗೆ ಬಿದ್ದಿರುತ್ತದೆ.

ಉಸಿರಿನೊಡನೆ ಒಳಹೊಕ್ಕ ರೋಗಾಣು ಸಾಮಾನ್ಯವಾಗಿ ರಕ್ತದ ಮೂಲಕ ಮೊದಲು ಗರ್ಭನಾಳವನ್ನೂ ಅಲ್ಲಿಂದ ಗರ್ಭಕೋಶವನ್ನೂ ಸೇರುತ್ತದೆ. ಅದನ್ನು ನುಂಗಿ ಅರಗಿಸಬೇಕಾದವು ಮ್ಯಾಕ್ರೋಫೇಜ್ ಎಂಬ ರಕ್ಷಕ ಕೋಶಗಳು. ಈ ಬ್ಯಾಕ್ಟೀರಿಯಾವೋ, ನುಂಗಿದವರ ಹೊಟ್ಟೆಯಲ್ಲೇ ಸಂಸಾರ ಹೂಡುವಂಥದ್ದು. ಆಗ ಟಿ ಕೋಶಗಳೆಂಬ ಇನ್ನೊಂದು ಬಗೆಯ ರಕ್ಷಕ ಕೋಶಗಳು ಇಂಟರ್‌ಫೆರಾನ್ ಗಾಮಾ ಎಂಬ ಸಂಕೇತದ ಪ್ರೋಟೀನು ಸ್ರವಿಸಿ ಮ್ಯಾಕ್ರೋಫೇಜ್‌ಗಳನ್ನು ಕೆರಳಿಸುತ್ತವೆ; ಎಲ್ಲ ಸೇರಿ ರೋಗಾಣುವಿನ ಸುತ್ತ ಗ್ರ್ಯಾನುಲೋಮಾ ಎಂಬ ಗಂಟು ಕಟ್ಟುತ್ತವೆ. ಅಂಗಾಂಶದ ಚೂರು ತೆಗೆದು ನೋಡುವ ಬಯಾಪ್ಸಿಯ ಸ್ಲೈಡಿನಲ್ಲಿ ಆ ಗಂಟಿನೊಳಗೆ ಕೆಲವೊಮ್ಮೆ ದೈತ್ಯಕೋಶ ಕಾಣುತ್ತದೆ. ಹಲವು ಮ್ಯಾಕ್ರೋಫೇಜ್‌ಗಳು ಬೆಸೆದು ಒಂದಾದ ಕೋಶವದು; ಅದರ ಅಂಚಿನಲ್ಲಿ ನ್ಯೂಕ್ಲಿಯಸ್‌ಗಳು ಕುದುರೆಲಾಳದ ಆಕಾರದಲ್ಲಿ ಸಾಲುಗಟ್ಟಿರುತ್ತವೆ.

ಗರ್ಭಕೋಶದ ಒಳಪೊರೆ ತಿಂಗಳು ತಿಂಗಳು ಉದುರುವುದರಿಂದ ಅಲ್ಲಿ ಗಂಟು ಬಲಿಯಲು ಪುರಸೊತ್ತೇ ಇಲ್ಲ. ಹಾಗಾಗಿ ಬಯಾಪ್ಸಿಗೆ ಮುಟ್ಟಿನ ಮುಂಚಿನ ದಿನಗಳೇ ತಕ್ಕ ಕಾಲ. ಮುಟ್ಟು ಮುಗಿದೊಡನೆ ತೆಗೆದರೆ ರೋಗವಿದ್ದೂ ಕಾಣದೇ ಹೋಗಬಹುದು. ಗರ್ಭನಾಳಕ್ಕೆ ಈ ತಿಂಗಳ ತೊಳೆತವಿಲ್ಲ. ಅಲ್ಲಿ ಕಾದಾಟ ವರ್ಷಗಟ್ಟಲೆ ನಡೆದು, ಗಾಯ ಮಾಗುತ್ತ ನಾರುಗಟ್ಟಿ, ನಾಳವೇ ಮುಚ್ಚುತ್ತದೆ. ಸೋಂಕು ಒಳಪೊರೆಯ ಬುಡಕ್ಕೇ ಇಳಿದರೆ ಗರ್ಭಕೋಶದ ಗೋಡೆಗಳು ಒಂದಕ್ಕೊಂದು ಅಂಟಿ, ಮುಟ್ಟು ಕಡಿಮೆಯಾಗುತ್ತದೆ, ಕೆಲವರಿಗೆ ನಿಂತೇ ಹೋಗುತ್ತದೆ.

ಔಷಧ ಇದೆ, ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತವಾಗಿಯೇ ಸಿಗುತ್ತದೆ. ಒಂಬತ್ತು ತಿಂಗಳ ಚಿಕಿತ್ಸೆಯಷ್ಟೇ ಆರು ತಿಂಗಳದ್ದೂ ಫಲಕಾರಿ ಎಂದು 2016ರಲ್ಲಿ ಪ್ರಕಟವಾದ ಏಮ್ಸ್ ಅಧ್ಯಯನ ತೋರಿಸಿತು. ಆದರೆ ಮಾತ್ರೆ ಕೊಲ್ಲುವುದು ರೋಗಾಣುವನ್ನು. ನಾರುಗಟ್ಟಿದ ನಾಳವನ್ನು ಅದು ಬಿಡಿಸದು. ನಾಳ ಮಾತ್ರ ಮುಚ್ಚಿದ್ದರೆ ಐವಿಎಫ್ ದಾರಿಯಿದೆ, ಒಳಪೊರೆಯೇ ಹಾಳಾಗಿದ್ದರೆ ಅದೂ ಕಷ್ಟ.

ತಡವಾಗುವುದು ಒಂದು ಅಪಾಯ, ಆತುರ ಇನ್ನೊಂದು. ರೋಗಾಣುವಿನ ಡಿಎನ್‌ಎ ಹುಡುಕುವ ಪಿಸಿಆರ್ ಪರೀಕ್ಷೆ ಸತ್ತ ಬ್ಯಾಕ್ಟೀರಿಯಾದ ಚೂರನ್ನೂ ಹಿಡಿಯುತ್ತದೆ. ಅದೊಂದನ್ನೇ ನಂಬಿ ಔಷಧ ಶುರುಮಾಡುವುದು ನನಗೆ ಸರಿಕಾಣದು. ಕ್ಷಯಕ್ಕೆಂದು ಮಾಡುತ್ತಿದ್ದ ರಕ್ತದ ಆ್ಯಂಟಿಬಾಡಿ ಪರೀಕ್ಷೆಯನ್ನಂತೂ ಕೇಂದ್ರ ಸರ್ಕಾರ 2012ರಲ್ಲೇ ನಿಷೇಧಿಸಿದೆ. ನಿಮಗಾಗಲಿ ಮನೆಯವರಿಗಾಗಲಿ ಹಿಂದೆ ಟಿ.ಬಿ. ಆಗಿದ್ದರೆ ಮೊದಲ ಭೇಟಿಯಲ್ಲೇ ವೈದ್ಯರಿಗೆ ಹೇಳಿ. ಬಯಾಪ್ಸಿ ಬರೆದುಕೊಟ್ಟರೆ ಯಾವ ದಿನ ಬರಬೇಕೆಂದು ಕೇಳಿಕೊಳ್ಳಿ.