ಗುಜರಿಯವನು ಮುಟ್ಟದ ಜಾಡಿ

ಶಿರಾ ಸೀಮೆಯ ಪಟ್ಟನಾಯಕನಹಳ್ಳಿ ಕಡೆ ಈಗ ಹಳೇ ಮಾಳಿಗೆ ಮನೆ ಕೆಡವಿ ಆರ್‌ಸಿಸಿ ಹಾಕಿಸುವವರೇ ಹೆಚ್ಚು. ಅಟ್ಟ ಖಾಲಿ ಮಾಡುವ ದಿನ ಗುಜರಿಯವನು ತಕ್ಕಡಿ ಸಮೇತ ಹಾಜರು. ಹಿತ್ತಾಳೆ ಕೊಳಗ, ತಾಮ್ರದ ಹಂಡೆ, ಕಂಚಿನ ತಟ್ಟೆ ಎಲ್ಲವೂ ಕಿಲೋ ಲೆಕ್ಕದಲ್ಲಿ ಹೊರಟುಹೋಗುತ್ತವೆ. ಕೊನೆಗೆ ಅಂಗಳದಲ್ಲಿ ಉಳಿಯುವುದು ಮೇಲೆ ಕಂದು, ಕೆಳಗೆ ಹಾಲುಬಣ್ಣದ ನಾಲ್ಕಾರು ಉಪ್ಪಿನಕಾಯಿ ಜಾಡಿ, ಹಿಡಿ ಮುರಿದ ಒಂದೆರಡು ಕಪ್ಪು, ನೀಲಿ ಹೂವಿನ ಒಂದು ಪಿಂಗಾಣಿ ತಟ್ಟೆ. ಗುಜರಿಯವನು ಅವುಗಳ ಕಡೆ ತಿರುಗಿಯೂ ನೋಡುವುದಿಲ್ಲ. ಕರಗಿಸಿದರೆ ಕಾಸು ಹುಟ್ಟದ ಸಾಮಾನು.

ಕಾಸು ಹುಟ್ಟದ್ದಕ್ಕೇ ಅವು ಉಳಿದಿವೆ. ಮನೆ ಅಲಂಕಾರಕ್ಕೆ ‘ಆ್ಯಂಟಿಕ್’ ಪಿಂಗಾಣಿ ಹುಡುಕಿಕೊಂಡು ಬೆಂಗಳೂರಿನ ಅಂಗಡಿ ಸುತ್ತುವವರು ಮೊದಲು ತಮ್ಮ ಊರಿನ ಅಟ್ಟ ಹತ್ತಿ ನೋಡಬೇಕು ಎನ್ನುವುದು ಈ ಕಾರಣಕ್ಕೆ.

ಅರಮನೆಗಳ ಕಥೆಯೂ ಬೇರೆಯಲ್ಲ. 1565ರ ಯುದ್ಧದ ನಂತರ ಹಂಪಿಯ ಚಿನ್ನ ಬೆಳ್ಳಿ ಯಾರ್‍ಯಾರದೋ ಪಾಲಾಯಿತು. ಚೀನಾದಿಂದ ಹಡಗಿನಲ್ಲಿ ಬಂದಿದ್ದ ಪಿಂಗಾಣಿ ಮಾತ್ರ ಚೂರಾಗಿ ಮಣ್ಣಲ್ಲೇ ಉಳಿದು, ನಮ್ಮ ಕಾಲದ ಅಗೆತಗಳಲ್ಲಿ ಸಿಕ್ಕಿತು. ವಿಜಯಪುರದ ಒಂದು ಅರಮನೆಗೆ ಚೀನಿ ಮಹಲ್ ಎಂಬ ಹೆಸರು ನಿಂತದ್ದೇ ಅಲ್ಲಿ ರಾಶಿರಾಶಿಯಾಗಿ ಸಿಕ್ಕ ಪಿಂಗಾಣಿ ಚೂರುಗಳಿಂದ. ಒಡೆಯದೆ ಉಳಿದವನ್ನು ಗೋಳಗುಮ್ಮಟದ ಮುಂದಿನ ವಸ್ತುಸಂಗ್ರಹಾಲಯದಲ್ಲಿ ಇಂದಿಗೂ ನೋಡಬಹುದು. ಆ ವಿಜಯಪುರ ನಮಗೆ ದೂರದ್ದೇನಲ್ಲ. 1638ರಲ್ಲಿ ರಣದುಲ್ಲಾ ಖಾನ್ ಶಿರಾ ಕೋಟೆ ಹಿಡಿದ ಮೇಲೆ ಈ ಸೀಮೆ ಅಲ್ಲಿಯ ಆದಿಲಶಾಹಿಗಳ ಆಳ್ವಿಕೆಗೆ ಸೇರಿತ್ತು. ಅವರ ಅಧಿಕಾರಿ ಮಲಿಕ್ ರಿಹಾನನ ಗೋರಿ ಶಿರಾದಲ್ಲೇ ಇದೆ.

ನಮ್ಮ ಜಾಡಿಗಳಿಗೆ ಅಷ್ಟು ವಯಸ್ಸಿಲ್ಲ, ಆದರೆ ವಂಶ ಹಳೆಯದು. ಹದಿನಾಲ್ಕನೇ ಶತಮಾನದ ಪ್ರವಾಸಿ ಇಬ್ನ್ ಬತೂತ, ಸಮುದ್ರಯಾನಕ್ಕೆಂದು ಶುಂಠಿ, ಮೆಣಸು, ನಿಂಬೆ, ಮಾವಿನ ಉಪ್ಪಿನಕಾಯಿ ತುಂಬಿದ ದೊಡ್ಡ ಜಾಡಿಗಳನ್ನು ತನಗೆ ಉಡುಗೊರೆ ಕೊಟ್ಟರೆಂದು ಬರೆದಿದ್ದಾನೆ. ಕಂದು–ಬಿಳಿ ಎರಡು ಬಣ್ಣದ ನಮೂನೆ ಮಾತ್ರ ಇಂಗ್ಲೆಂಡಿನದು. ಬ್ರಿಸ್ಟಲ್‌ನ ವಿಲಿಯಂ ಪೊವೆಲ್ 1835ರಲ್ಲಿ ಸೀಸವಿಲ್ಲದ ಒಂದು ಮೆರುಗು ಕಂಡುಹಿಡಿದ. ಆ ಮೆರುಗಿನ, ಅಲ್ಲಿಯ ಸಾರಾಯಿ ಜಾಡಿ ಇಲ್ಲಿ ನಿಂಬೆಕಾಯಿ ಜಾಡಿಯಾಯಿತು. ಪೂರ್ತಿ ಕಂದು ಬಣ್ಣದವು ಇನ್ನೊಂದು ಜಾತಿ. ಭಟ್ಟಿಯ ಬೆಂಕಿ 1,200 ಡಿಗ್ರಿ ಸೆಲ್ಸಿಯಸ್ ಮುಟ್ಟುವ ಹೊತ್ತಿಗೆ ಅದರೊಳಕ್ಕೆ ಉಪ್ಪು ಎರಚುತ್ತಾರೆ. ಉಪ್ಪು ಆವಿಯಾಗಿ, ಅದರಲ್ಲಿನ ಸೋಡಿಯಂ ಜೇಡಿಯ ಮರಳಿನಂಶದೊಡನೆ ಕೂಡಿ ಮೈಮೇಲೆಲ್ಲ ಗಾಜಿನ ಪೊರೆ ಕಟ್ಟುತ್ತದೆ. ಕಿತ್ತಳೆಹಣ್ಣಿನ ಸಿಪ್ಪೆಯಂತೆ ಸಣ್ಣಗೆ ತರಿತರಿಯಾಗಿದ್ದರೆ ಅದು ಉಪ್ಪಿನ ಮೆರುಗಿನ ಜಾಡಿ. ಹುಣಸೆ ಬೆಳೆಯುವ ಈ ಸೀಮೆಗೆ ಅದಕ್ಕಿಂತ ತಕ್ಕ ಪಾತ್ರೆ ಇರಲಿಲ್ಲ. ಉಪ್ಪು ಬೆರೆಸಿದ ಹುಣಸೆಹಣ್ಣು ಹಿತ್ತಾಳೆಯನ್ನು ತಿನ್ನುತ್ತದೆ, ಜಾಡಿಯನ್ನು ಏನೂ ಮಾಡಲಾರದು.

ಕಪ್ಪು ಬಸಿಗಳ ವಿಷಯ ಇಷ್ಟು ಸರಳವಲ್ಲ. ಮಡಿ ಹಿಡಿದ ಮನೆಗಳಲ್ಲಿ ಪಿಂಗಾಣಿ ಎಂದರೆ ಮಣ್ಣಿನ ಪಾತ್ರೆ, ತೊಳೆದರೂ ಶುದ್ಧವಾಗದ್ದು. ಹಾಗಾಗಿ ಅದು ಅಡುಗೆಮನೆಗೆ ಬರುತ್ತಿರಲಿಲ್ಲ. ಜಗುಲಿಯ ಗೂಡಲ್ಲೋ ಹೊರಗೋಡೆಯ ಮೊಳೆಯಲ್ಲೋ ಇರುತ್ತಿತ್ತು. ‘ಹೊರಗಿನವರು’ ಬಂದಾಗ ಕಾಫಿ ಅದರಲ್ಲೇ. ಕುಡಿದವರೇ ತೊಳೆದು ಮತ್ತೆ ಅಲ್ಲೇ ಇಡಬೇಕು. ಹಳ್ಳಿಯ ಹೋಟೆಲುಗಳಲ್ಲೂ ಬೇರೆ ಲೋಟದ ಪದ್ಧತಿ ಸಂವಿಧಾನ ಬಂದ ಎಷ್ಟೋ ವರ್ಷದ ಮೇಲೂ ನಡೆಯಿತು. ಅಂಥ ಒಂದು ಕಪ್ಪು ಇಂದು ಮೊಮ್ಮಕ್ಕಳ ಷೋಕೇಸಿನಲ್ಲಿ ‘ವಿಂಟೇಜ್’ ಆಗಿ ಕೂತಿರಬಹುದು. ಇಡಬೇಡಿ ಎನ್ನುತ್ತಿಲ್ಲ. ಇದರಲ್ಲಿ ಯಾರು ಕುಡಿಯುತ್ತಿದ್ದರು ಎಂದು ಮಕ್ಕಳು ಕೇಳಿದರೆ ನಿಜ ಹೇಳಿ, ಅಷ್ಟೆ.

ಇನ್ನು ಜೋಡಿಸುವ ವಿಚಾರ. ಅಟ್ಟದಿಂದ ಇಳಿಸಿದ್ದನ್ನೆಲ್ಲ ಸಾಲಾಗಿ ನಿಲ್ಲಿಸಿದರೆ ಮನೆ ಜಾತ್ರೆಯ ಅಂಗಡಿಯಾಗುತ್ತದೆ. ಹತ್ತು ಸೇರಿನ ದೊಡ್ಡ ಜಾಡಿ ಒಂದೇ ಸಾಕು, ಹಜಾರದ ಮೂಲೆಯಲ್ಲಿ, ನೆಲದ ಮೇಲೆ. ರೆಡ್ ಆಕ್ಸೈಡ್ ನೆಲ, ಸುಣ್ಣದ ಬಿಳಿಗೋಡೆ ಇದ್ದರೆ ಕಂದು ಮೆರುಗು ತಾನಾಗಿ ಎದ್ದು ಕಾಣುತ್ತದೆ. ಕಿಟಕಿಯ ಬೆಳಕು ಪಕ್ಕದಿಂದ ಬೀಳಲಿ. ನೆತ್ತಿಯ ಮೇಲೆ ಸ್ಪಾಟ್‌ಲೈಟ್ ಹಾಕಿದರೆ ಆಭರಣದಂಗಡಿಯ ಕಳೆ ಬರುತ್ತದೆ. ಹಳೇ ಮನೆಯ ನಾಗಂದಿಗೆ ಮರ ಗಟ್ಟಿಯಿದ್ದರೆ ಅದನ್ನೇ ಉಜ್ಜಿ ಎಣ್ಣೆ ಹಚ್ಚಿ ಗೋಡೆಗೆ ಹೊಡೆಸಿ, ಸಣ್ಣ ಜಾಡಿಗಳನ್ನು ಬಿಡಿಬಿಡಿಯಾಗಿ ಇಡಿ. ಅವು ಮೊದಲು ಇದ್ದ ಜಾಗವೂ ಅದೇ ತಾನೆ. ಮಕ್ಕಳಿರುವ ಮನೆಯಲ್ಲಿ ತಳಕ್ಕೆ ಒಂದೆರಡು ಸೇರು ಮರಳು ತುಂಬಿದರೆ ಜಾಡಿ ಉರುಳುವುದಿಲ್ಲ. ಗಿಡ ನೆಡಲೆಂದು ತಳಕ್ಕೆ ತೂತು ಕೊರೆಯಬೇಡಿ, ಸೀಳುತ್ತದೆ, ಕುಂಡವನ್ನೇ ಒಳಗಿಳಿಸಿ.

ಇದಕ್ಕೆ ಮನೆಯ ಹಿರಿಯರ ಒಪ್ಪಿಗೆ ಸಿಗುವುದು ಬೇರೆ ಮಾತು. “ಉಪ್ಪಿನಕಾಯಿ ಜಾಡಿ ತಂದು ಹಾಲ್‌ನಾಗೆ ಇಕ್ಕವ್ರಲ್ಲ, ಬಂದೋರು ನಗಲ್ವೇನವ್ವಾ?” ಎನ್ನದ ಅತ್ತೆ ಈ ಭಾಗದಲ್ಲಿ ಅಪರೂಪ.

ಇಳಿಸುವ ಮುನ್ನ ಬೆರಳಿನಿಂದ ತಟ್ಟಿ ನೋಡಿ. ಸಂತೆಯಲ್ಲಿ ಮಡಕೆ ಕೊಳ್ಳುವವರ ಹಳೇ ವಿದ್ಯೆ ಇಲ್ಲೂ ನಡೆಯುತ್ತದೆ: ಠಣ್ ಎಂದರೆ ಗಟ್ಟಿ, ಡಬ್ ಎಂದರೆ ಎಲ್ಲೋ ಬಿರುಕು. ತೊಳೆಯಲು ಉಗುರುಬೆಚ್ಚಗಿನ ನೀರಿಗೆ ಸ್ವಲ್ಪ ಅಂಟುವಾಳ ಸಾಕು. ಚಿನ್ನದ ಗೆರೆಯ ಕಪ್ಪಿಗೆ ಹುಣಸೆಹಣ್ಣು, ಬೂದಿ ಹಾಕಿ ಉಜ್ಜಿದರೆ ಗೆರೆ ಮಾಯ. ಬಣ್ಣದ ಹಳೇ ತಟ್ಟೆಗಳ ಮೆರುಗಿನಲ್ಲಿ ಸೀಸ ಇರಬಹುದು, ಹುಳಿ ತಾಗಿದರೆ ಅದು ಊಟಕ್ಕೆ ಇಳಿಯುತ್ತದೆ. ಗೋಡೆಗೆ ತೂಗುಹಾಕಿ, ಸಾರು ಬಡಿಸಬೇಡಿ.

ಅಟ್ಟದಾಚೆಗೂ ಇಂಥ ಮಾಲು ಸಿಗುತ್ತದೆ. ಮಿರ್ಜಾ ಇಸ್ಮಾಯಿಲ್ ದಿವಾನರಾಗಿದ್ದಾಗ ಮೈಸೂರು ಸರ್ಕಾರ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟ್ ಬಳಿ ಪಿಂಗಾಣಿ ಕಾರ್ಖಾನೆ ಆರಂಭಿಸಿತು. ಮುಂದೆ ಅದು ಬಿಎಚ್‌ಇಎಲ್‌ಗೆ ಸೇರಿತು. ಕರೆಂಟು ಕಂಬದ ಮೇಲಿನ ಪಿಂಗಾಣಿ ಬಟ್ಟಲು ಅದರ ಮುಖ್ಯ ಸರಕು. ತಿರುವಿ ಇಟ್ಟರೆ ಒಂದು ದಾಸವಾಳಕ್ಕೆ ಸರಿಯಾದ ಹೂದಾನಿ. (ಗುಜರಿಯಲ್ಲಿ ಸಿಕ್ಕಿದ್ದನ್ನು ತನ್ನಿ, ಕಂಬ ಹತ್ತಬೇಡಿ.) ಮೊದಲ ಮಹಾಯುದ್ಧದಿಂದ ಯುರೋಪಿನ ಸರಕು ನಿಂತಾಗ ಜಪಾನಿನ ಡಾಂಟೋ, ಸಾಜಿ ಮುಂತಾದ ಕಂಪನಿಗಳು ಉಬ್ಬುಚಿತ್ರದ ಬಣ್ಣದ ಟೈಲುಗಳನ್ನು ಭಾರತಕ್ಕೆ ಕಳಿಸಿದವು, ರವಿವರ್ಮನ ಚಿತ್ರಗಳ ಮಾದರಿಯ ದೇವರ ಟೈಲುಗಳೂ ಅದರಲ್ಲಿದ್ದವು. ಹಿಂಬದಿಯ ಮುದ್ರೆ ಓದಿ. ‘ಆಕ್ಯುಪೈಡ್ ಜಪಾನ್’ ಎಂದಿದ್ದರೆ ಅದು ಎರಡನೇ ಮಹಾಯುದ್ಧ ಮುಗಿದ ಮೇಲಿನ, 1952ಕ್ಕಿಂತ ಹಿಂದಿನ ಮಾಲು.

ಕೋಟೆ ಕೊತ್ತಲಗಳ ಸುತ್ತ ಬಿದ್ದ ಚೂರುಗಳನ್ನು ಮಾತ್ರ ಆರಿಸಿ ತರಬಾರದು. ಸಂರಕ್ಷಿತ ಸ್ಮಾರಕದಿಂದ ಒಯ್ಯುವುದು ಅಪರಾಧ. 1972ರ ಕಾಯ್ದೆಯಂತೆ 100 ವರ್ಷ ದಾಟಿದ ಕುಶಲವಸ್ತು ಪ್ರಾಚ್ಯವಸ್ತು. ಅದನ್ನು ಖಾಸಗಿಯವರು ಹೊರದೇಶಕ್ಕೆ ಒಯ್ಯುವಂತಿಲ್ಲ. ಅಮೆರಿಕದಲ್ಲಿರುವ ಮಗಳು ಅಜ್ಜಿಯ ಜಾಡಿ ಬೇಕೆಂದು ಹಟ ಹಿಡಿದರೆ, ಅದು ಪ್ರಾಚ್ಯವಸ್ತುವಲ್ಲ ಎಂಬ ಪ್ರಮಾಣಪತ್ರವನ್ನು ಭಾರತೀಯ ಪುರಾತತ್ತ್ವ ಸರ್ವೇಕ್ಷಣೆಯಿಂದ ಮೊದಲೇ ಪಡೆದಿಟ್ಟುಕೊಳ್ಳುವುದು ಒಳ್ಳೆಯದು. ಸೂಟ್‌ಕೇಸಿನ ತೂಕದ ಚಿಂತೆ ಅವಳದ್ದು.