ಬೇಲಿಯೇ ಎದ್ದು ಹೊಲ ಮೇಯ್ದಾಗ

ಮೊದಲಿಗೇ ಹೇಳಿಬಿಡುತ್ತೇನೆ, ನಾನು ವೈದ್ಯನಲ್ಲ. ಹಗಲೆಲ್ಲ ಕಂಪ್ಯೂಟರ್ ಮುಂದೆ ಕುಳಿತು ಪ್ರೋಗ್ರಾಮುಗಳಲ್ಲಿನ ತಪ್ಪು ಹುಡುಕುವುದು ನನ್ನ ಹೊಟ್ಟೆಪಾಡು. ಹೀಗಿದ್ದೂ 2021ರ ಏಪ್ರಿಲ್‌ನ ಒಂದು ರಾತ್ರಿ ಫ್ರೀಮಾಂಟಿನ ನಮ್ಮ ಅಡುಗೆಮನೆಯಲ್ಲಿ ನಿಂತುಕೊಂಡೇ, ತಿಪಟೂರಿನಲ್ಲಿದ್ದ ನನ್ನ ಸೋದರಮಾವನಿಗೆ ಔಷಧ ಸೂಚಿಸಿಬಿಟ್ಟೆ!

ಮಾವನಿಗೆ ಕೋವಿಡ್ ಜ್ವರ ಶುರುವಾಗಿ ಎರಡನೇ ದಿನ. ವಯಸ್ಸು 68, ಇಪ್ಪತ್ತು ವರ್ಷದ ಸಕ್ಕರೆ ಕಾಯಿಲೆ. ಯಾರೋ ವಾಟ್ಸಾಪಿನಲ್ಲಿ ಕಳಿಸಿದ ಔಷಧಿ ಪಟ್ಟಿಯೊಂದು ನನ್ನ ಬಳಿ ಇತ್ತು. "ಅತ್ತೆ, ಹುಡುಗನನ್ನ ಮೆಡಿಕಲ್ ಸ್ಟೋರಿಗೆ ಕಳಿಸಿ ಡೆಕ್ಸಾಮೆಥಾಸೋನ್ ಮಾತ್ರೆ ತರಿಸಿಬಿಡಿ, ಇವತ್ತೇ ಶುರು ಮಾಡಿ" ಎಂದೆ. ಅತ್ತೆ ತರಿಸಿದರು. ಆದರೆ ಪುಣ್ಯಕ್ಕೆ ಕೊಡುವ ಮೊದಲು ತಮ್ಮ ಮಾಮೂಲಿ ಡಾಕ್ಟರಿಗೆ ಫೋನ್ ಮಾಡಿದರು. "ಆಕ್ಸಿಜನ್ 97 ಇರೋರಿಗೆ ಇದನ್ನ ಕೊಡಿ ಅಂತ ಯಾರಮ್ಮ ಹೇಳಿದ್ದು? ಶುಗರ್ ಬೇರೆ ಇದೆ!" ಎಂದು ಅವರು ರೇಗಿದರಂತೆ. ಹೇಳಿದವರು ಯಾರೆಂದು ಅತ್ತೆ ಬಾಯಿ ಬಿಡಲಿಲ್ಲ.

ಆರು ದಿನದ ನಂತರ ಆಕ್ಸಿಜನ್ 89ಕ್ಕೆ ಇಳಿದು ಮಾವ ಆಸ್ಪತ್ರೆ ಸೇರಿದರು. ಅಲ್ಲಿ ಮೊದಲ ದಿನವೇ ಕೊಟ್ಟದ್ದು ಅದೇ ಡೆಕ್ಸಾಮೆಥಾಸೋನ್! ಎರಡನೇ ದಿನ ಬೇಡವಾಗಿದ್ದ ಔಷಧ ಎಂಟನೇ ದಿನ ಬೇಕಾದದ್ದು ಹೇಗೆ? ಈ ಒಂದು ಪ್ರಶ್ನೆ ನನ್ನನ್ನು ತಿಂಗಳುಗಟ್ಟಲೆ ಕಾಡಿತು. ಓದಿ ತಿಳಿದದ್ದನ್ನು ಇಲ್ಲಿ ಹಂಚಿಕೊಳ್ಳುತ್ತಿದ್ದೇನೆ.

ವೈರಸ್ ದೇಹ ಹೊಕ್ಕ ಮೊದಲ ಕೆಲವು ದಿನ ಬೆಳೆಯುತ್ತಾ ಹೋಗುತ್ತದೆ. ನಮ್ಮ ರೋಗನಿರೋಧಕ ವ್ಯವಸ್ಥೆ ಅದರ ಮೇಲೆ ಯುದ್ಧ ಹೂಡುತ್ತದೆ. ಈ ಸೈನ್ಯದ ಜೀವಕೋಶಗಳು ಒಂದಕ್ಕೊಂದು ಸುದ್ದಿ ಮುಟ್ಟಿಸಲು ಸೈಟೊಕೈನ್ ಎಂಬ ಸಣ್ಣ ಪ್ರೋಟೀನುಗಳನ್ನು ಬಿಡುತ್ತವೆ. ಹೆಚ್ಚಿನವರಲ್ಲಿ ಯುದ್ಧ ಮುಗಿದ ಮೇಲೆ ಸುದ್ದಿಯೂ ನಿಲ್ಲುತ್ತದೆ. ಕೆಲವರಲ್ಲಿ ನಿಲ್ಲುವುದಿಲ್ಲ. ನಮ್ಮ ಕಸುಬಿನವರಿಗೆ ಇದು ಪರಿಚಿತವೇ: ಒಂದು ಸರ್ವರ್ ಕೆಟ್ಟರೆ ಅದರ ಎಚ್ಚರಿಕೆಯ ಮೆಸೇಜುಗಳೇ ಲಕ್ಷಗಟ್ಟಲೆ ಹರಿದು, ಚೆನ್ನಾಗಿದ್ದ ಸರ್ವರುಗಳನ್ನೂ ಮಲಗಿಸಿಬಿಡುತ್ತವೆ. ದೇಹದಲ್ಲಾದರೆ ಶ್ವಾಸಕೋಶದ ಗಾಳಿಚೀಲಗಳು ಉರಿಯೂತದಿಂದ ಊದಿಕೊಂಡು ನೀರು ತುಂಬಿಕೊಳ್ಳುತ್ತವೆ, ಆಮ್ಲಜನಕ ರಕ್ತಕ್ಕೆ ದಾಟುವುದಿಲ್ಲ. ನಮ್ಮ ಹಿರಿಯರು ಹೇಳುವ ಹಾಗೆ ಬೇಲಿಯೇ ಎದ್ದು ಹೊಲ ಮೇಯ್ದಂತೆ. ಕೋವಿಡ್ಡಿನಲ್ಲಿ ಇದು ಸಾಮಾನ್ಯವಾಗಿ ಎರಡನೇ ವಾರಕ್ಕೆ ಬರುವ ಸಂಕಟ.

ಡೆಕ್ಸಾಮೆಥಾಸೋನ್ ವೈರಸ್ಸನ್ನು ಕೊಲ್ಲುವುದಿಲ್ಲ, ಈ ಬೇಲಿಯನ್ನು ತಣ್ಣಗಾಗಿಸುತ್ತದೆ. 1950ರ ದಶಕದ ಹಳೆಯ ಸ್ಟೆರಾಯ್ಡ್, ಬೆಲೆಯೂ ಬಹಳ ಕಡಿಮೆ. ವೈರಸ್ ಇನ್ನೂ ಬೆಳೆಯುತ್ತಿರುವಾಗಲೇ ಕೊಟ್ಟರೆ ಕಳ್ಳ ಮನೆಯೊಳಗಿರುವಾಗ ನಾಯಿಯನ್ನು ಕಟ್ಟಿಹಾಕಿದ ಹಾಗಾಗುತ್ತದೆ.

ಇದು ಬರೀ ತರ್ಕವಲ್ಲ. ಬ್ರಿಟನ್ನಿನ ಆಸ್ಪತ್ರೆಗಳಲ್ಲಿ ನಡೆದ ರಿಕವರಿ ಎಂಬ ಪರೀಕ್ಷೆಯ ಫಲಿತಾಂಶ 2020ರ ಜೂನ್ 16ರಂದು ಹೊರಬಂತು. ಚೀಟಿ ಎತ್ತಿದಂತೆ ಆರಿಸಿದ 2,104 ರೋಗಿಗಳಿಗೆ ದಿನಕ್ಕೆ 6 ಮಿಲಿಗ್ರಾಂನಂತೆ ಹೆಚ್ಚೆಂದರೆ ಹತ್ತು ದಿನ ಈ ಔಷಧ, 4,321 ಮಂದಿಗೆ ಮಾಮೂಲಿ ಆರೈಕೆ ಮಾತ್ರ. ವೆಂಟಿಲೇಟರಿನಲ್ಲಿದ್ದವರಲ್ಲಿ 28 ದಿನದೊಳಗಿನ ಸಾವು ಶೇಕಡಾ 41.4ರಿಂದ 29.3ಕ್ಕೆ ಇಳಿಯಿತು. ಬರೀ ಆಕ್ಸಿಜನ್ ಪಡೆಯುತ್ತಿದ್ದವರಲ್ಲಿ 26.2ರಿಂದ 23.3ಕ್ಕೆ. ಆಕ್ಸಿಜನ್ನೇ ಬೇಡದಿದ್ದವರಲ್ಲಿ? ಔಷಧವಿಲ್ಲದವರಲ್ಲಿ 14.0, ಔಷಧ ಪಡೆದವರಲ್ಲಿ 17.8! ಈ ಕೊನೆಯ ವ್ಯತ್ಯಾಸ ಆಕಸ್ಮಿಕವೂ ಇರಬಹುದು, ಆದರೆ ಲಾಭವಂತೂ ಕಾಣಲಿಲ್ಲ. ನಾನು ಅತ್ತೆಗೆ ಫೋನ್ ಮಾಡುವ ಹಲವು ತಿಂಗಳು ಮೊದಲೇ ಈ ಅಂಕಿಗಳು ಎಲ್ಲರಿಗೂ ಸಿಗುವಂತಿದ್ದವು. ನಾನು ಓದಿದ್ದು ವಾಟ್ಸಾಪ್!

ಇನ್ನು ನಮ್ಮ ಬೇ ಏರಿಯಾದ ನಂಟಿಗೆ ಬರೋಣ. 101ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋಗೆ ಹೋಗುವಾಗ ಗುಡ್ಡದ ಮೇಲೆ ದೊಡ್ಡ ಬಿಳಿ ಅಕ್ಷರಗಳು ಕಾಣುವ ಊರು ಸೌತ್ ಸ್ಯಾನ್ ಫ್ರಾನ್ಸಿಸ್ಕೋ. ಅಲ್ಲಿನ ಜೆನೆನ್‌ಟೆಕ್ ಕಂಪನಿ ಅಮೆರಿಕದಲ್ಲಿ ಆಕ್ಟೆಮ್ರಾ ಹೆಸರಿನಲ್ಲಿ ಮಾರುವ ಔಷಧವೇ ಟೊಸಿಲಿಜುಮಾಬ್. ಹುಟ್ಟಿದ್ದು ಜಪಾನಿನಲ್ಲಿ, ಇಲ್ಲಿ ಸಂಧಿವಾತಕ್ಕೆ ಒಪ್ಪಿಗೆ ಸಿಕ್ಕಿದ್ದು 2010ರಲ್ಲಿ. ಸ್ಟೆರಾಯ್ಡ್ ಇಡೀ ಸೈನ್ಯವನ್ನು ತಣಿಸಿದರೆ, ಇದು ಇಂಟರ್‌ಲ್ಯೂಕಿನ್-6 ಎಂಬ ಒಂದೇ ಸುದ್ದಿಗಾರನಿಗೆ ಬಾಗಿಲು ಮುಚ್ಚುತ್ತದೆ. 2020ರ ಜುಲೈನಲ್ಲಿ ಕಂಪನಿಯ ಕೋವಿಡ್ ಪರೀಕ್ಷೆ ಗುರಿ ಮುಟ್ಟಲಿಲ್ಲ. ಆದರೆ 2021ರಲ್ಲಿ ರಿಕವರಿ ಪರೀಕ್ಷೆ 4,116 ರೋಗಿಗಳ ಲೆಕ್ಕ ಕೊಟ್ಟಿತು: ಸಾವು ಶೇಕಡಾ 35ರಿಂದ 31ಕ್ಕೆ ಇಳಿದಿತ್ತು. ಅವರಲ್ಲಿ ಹೆಚ್ಚಿನವರು ಜೊತೆಗೆ ಸ್ಟೆರಾಯ್ಡನ್ನೂ ಪಡೆಯುತ್ತಿದ್ದರು.

ನಮ್ಮ ಬೆಂಗಳೂರಿನ ಬಯೋಕಾನ್ ಕೂಡ ಹಿಂದೆ ಬೀಳಲಿಲ್ಲ. ಸೋರಿಯಾಸಿಸ್ ಎಂಬ ಚರ್ಮರೋಗಕ್ಕೆ ತಾನು ತಯಾರಿಸುತ್ತಿದ್ದ ಇಟೊಲಿಜುಮಾಬ್‌ಗೆ 2020ರ ಜುಲೈನಲ್ಲಿ ಭಾರತದಲ್ಲಿ ತುರ್ತು ಬಳಕೆಯ ಅನುಮತಿ ಪಡೆಯಿತು. ಪರೀಕ್ಷೆಯಲ್ಲಿದ್ದವರು 30 ಮಂದಿ. 20 ಜನಕ್ಕೆ ಔಷಧ, 10 ಜನಕ್ಕೆ ಇಲ್ಲ. ಮೊದಲ ಗುಂಪಿನಲ್ಲಿ ಯಾರೂ ಸಾಯಲಿಲ್ಲ, ಎರಡನೆಯದರಲ್ಲಿ ಮೂವರು ತೀರಿಕೊಂಡರು. ಊರ ಹೆಸರು ಕೇಳಿ ನನಗೂ ಹೆಮ್ಮೆಯಾಯಿತು. ಆದರೆ ಹತ್ತು ಜನರ ಗುಂಪಿನಲ್ಲಿ ಒಬ್ಬಿಬ್ಬರ ಹಣೆಬರಹ ಬದಲಾದರೂ ಲೆಕ್ಕವೇ ತಲೆಕೆಳಗಾಗುತ್ತದೆ. ವೆಬ್ ಪುಟದ ಒಂದು ಗುಂಡಿಯ ಬಣ್ಣ ಬದಲಿಸುವ ಮುನ್ನ ನಾವು ಸಾವಿರಾರು ಜನರ ಮೇಲೆ ಪರೀಕ್ಷೆ ಮಾಡುತ್ತೇವಲ್ಲ! ರಾಷ್ಟ್ರೀಯ ಕಾರ್ಯಪಡೆ ಆ ಔಷಧವನ್ನು ಚಿಕಿತ್ಸಾ ಪಟ್ಟಿಗೆ ಸೇರಿಸಲಿಲ್ಲ.

ಮತ್ತೆ ಮಾವನ ಕಥೆಗೆ. ಮೂರನೇ ದಿನ ಆಸ್ಪತ್ರೆಯವರು ಟೊಸಿಲಿಜುಮಾಬ್ ಹೊಂದಿಸಿಕೊಳ್ಳಿ ಎಂದರು. ಆಗ ಭಾರತಕ್ಕೆ ಅದು ಆಮದಾಗಿ ಬರುತ್ತಿತ್ತು, ಎರಡನೇ ಅಲೆಯಲ್ಲಿ ದಾಸ್ತಾನು ಖಾಲಿ. ಅದನ್ನು ಮಾರುವ ಕಂಪನಿ ನಮ್ಮ ಮನೆಯಿಂದ ಮುಕ್ಕಾಲು ಗಂಟೆಯ ದಾರಿ. ಮಾವನಿಗೆ ಒಂದು ಬಾಟಲಿ ಕಳಿಸುವ ದಾರಿ ಮಾತ್ರ ನನಗಿರಲಿಲ್ಲ. ಎರಡು ರಾತ್ರಿ ನಾನೂ ಭಾವಮೈದುನನೂ ಬೆಂಗಳೂರು, ಹುಬ್ಬಳ್ಳಿ, ಹೈದರಾಬಾದ್ ಎಂದು ಫೋನು ಹಚ್ಚಿದೆವು. ಸಿಗಲಿಲ್ಲ. ಅಷ್ಟರಲ್ಲಿ ಮಾವ ಆಕ್ಸಿಜನ್ ಮತ್ತು ಆ ಅಗ್ಗದ ಸ್ಟೆರಾಯ್ಡಿನಿಂದಲೇ ಚೇತರಿಸತೊಡಗಿದರು. ಅದೇ ವಾರ್ಡಿನಲ್ಲಿ ಹಾಗೆ ಚೇತರಿಸದೆ ಹೋದವರೂ ಇದ್ದರು.

ಸ್ಟೆರಾಯ್ಡ್ ರಕ್ತದ ಸಕ್ಕರೆ ಏರಿಸುತ್ತದೆ. ಮಾವನಿಗೆ ಇನ್ಸುಲಿನ್ ಹಚ್ಚಿ ಹೊತ್ತುಹೊತ್ತಿಗೆ ಸಕ್ಕರೆ ನೋಡುತ್ತಿದ್ದರು. 2021ರ ಮೇ ತಿಂಗಳಲ್ಲಿ ಕರ್ನಾಟಕದಲ್ಲಿ ಹರಡಿದ ಕಪ್ಪು ಶಿಲೀಂಧ್ರಕ್ಕೆ ಹತೋಟಿ ತಪ್ಪಿದ ಸಕ್ಕರೆ ಕಾಯಿಲೆ ಮತ್ತು ಬೇಕಾಬಿಟ್ಟಿ ಸ್ಟೆರಾಯ್ಡ್ ದೊಡ್ಡ ಕಾರಣಗಳೆಂದು ವೈದ್ಯರು ಹೇಳಿದರು. ಕಣ್ಣು ಕಳೆದುಕೊಂಡವರಿದ್ದಾರೆ. ನನ್ನ ಮಾತು ಕೇಳಿದ್ದರೆ ಮಾವ ಜ್ವರದ ಎರಡನೇ ದಿನದಿಂದಲೇ, ಸಕ್ಕರೆ ನೋಡುವವರಿಲ್ಲದೆ, ಆ ಮಾತ್ರೆ ನುಂಗುತ್ತಿದ್ದರು.

ಸಂಧಿವಾತದ ಇನ್ನೊಂದು ಮಾತ್ರೆ ಬ್ಯಾರಿಸಿಟಿನಿಬ್‌ಗೂ 2022ರ ಮೇನಲ್ಲಿ ಅಮೆರಿಕದಲ್ಲಿ ಆಸ್ಪತ್ರೆಯ ಕೋವಿಡ್ ರೋಗಿಗಳಿಗೆಂದು ಪೂರ್ಣ ಒಪ್ಪಿಗೆ ಸಿಕ್ಕಿತು. ಎಲ್ಲ ವೈರಸ್ಸಿಗೂ ಇದೇ ಲೆಕ್ಕ ಎಂದುಕೊಳ್ಳಬೇಡಿ. ಫ್ಲೂ ರೋಗಿಗಳಲ್ಲಿ ಸ್ಟೆರಾಯ್ಡಿಗೆ ಇಂಥ ಲಾಭ ಸಾಬೀತಾಗಿಲ್ಲ. ಹಾಗೆಯೇ ಆಸ್ತಮಾಕ್ಕೋ ಇನ್ನಾವುದಕ್ಕೋ ಈಗಾಗಲೇ ಸ್ಟೆರಾಯ್ಡ್ ತೆಗೆದುಕೊಳ್ಳುತ್ತಿರುವವರು ಇದನ್ನು ಓದಿ ತಾವಾಗಿ ನಿಲ್ಲಿಸಬಾರದು, ಅದೂ ಅಪಾಯವೇ. ಊರಿನಲ್ಲೋ ಇಲ್ಲೋ ಅಪ್ಪ ಅಮ್ಮ ಆಸ್ಪತ್ರೆ ಸೇರಿದರೆ ಔಷಧದ ಹೆಸರು ಹೇಳುವ ಬದಲು ಡಾಕ್ಟರನ್ನು ಕೇಳಿ: ಜ್ವರ ಬಂದು ಎಷ್ಟನೇ ದಿನ, ಆಕ್ಸಿಜನ್ ಕೊಡುತ್ತಿದ್ದೀರಾ, ಸಕ್ಕರೆ ಎಷ್ಟಿದೆ. ಹಳೆಯ ಕ್ಷಯ ಅಥವಾ ಹೆಪಟೈಟಿಸ್ ಬಿ ಇದ್ದರೆ ನೀವಾಗಿಯೇ ಹೇಳಿ. ನಿರೋಧಕ ಶಕ್ತಿ ತಗ್ಗಿದಾಗ ಅವು ಮತ್ತೆ ತಲೆ ಎತ್ತಬಹುದು.

2022ರ ಡಿಸೆಂಬರಿನಲ್ಲಿ ತಿಪಟೂರಿಗೆ ಹೋಗಿದ್ದೆ. ಊಟವಾದ ಮೇಲೆ ಅತ್ತೆ ಔಷಧಿ ಡಬ್ಬಿಯಿಂದ ಒಂದೂ ಮಾತ್ರೆ ಒಡೆಯದ ಪಟ್ಟಿಯೊಂದನ್ನು ತೆಗೆದು ನನ್ನ ಕೈಗಿಟ್ಟರು. ಮಾವ ಎಲೆ ಅಡಿಕೆ ಮೆಲ್ಲುತ್ತಾ, "ತಗೊಂಡು ಹೋಗಪ್ಪ, ನಿಮ್ಮ ಅಮೆರಿಕಾ ಡಾಕ್ಟರ್ ಬರೆದದ್ದು" ಎಂದರು.