ಬೆರಳು ಹತ್ತದಿದ್ದರೆ ನಾಚಿಕೆ ಯಾರಿಗೆ?

ಹೊಸ ಆ್ಯಪ್ ಪರೀಕ್ಷಿಸಲು ಬೆಂಗಳೂರಿನ ತಂಡವೊಂದು ಸಿಂಧನೂರಿಗೆ ಬಂತು ಅನ್ನಿ. ರೈತನ ಕೈಗೆ ಫೋನು ಕೊಟ್ಟು ‘ಹೆಂಗೈತಿ?’ ಅಂತ ಕೇಳಿದರೆ ‘ಚಲೋ ಐತ್ರಿ ಸರ’ ಅಂತಾನೆ. ಅದೇ ವರದಿಗೆ ಸೇರುತ್ತದೆ.

ನಂಬಿಕೆ: ಹಳ್ಳಿಯವರು ಮುಗ್ಧರು, ಇದ್ದದ್ದನ್ನು ಇದ್ದಂಗೆ ಹೇಳುತ್ತಾರೆ.

ಸತ್ಯ: ಎದುರಿಗಿರುವವರ ಮನಸ್ಸು ನೋಯಿಸಬಾರದೆಂಬ ಮುಲಾಜು ಮೊದಲು ಮಾತಾಡುತ್ತದೆ. ಇದೇನು ಹಳ್ಳಿಯ ಸ್ವತ್ತಲ್ಲ. ಸಂಶೋಧಕಿ ನಿಕೋಲಾ ಡೆಲ್ ಮತ್ತು ಸಂಗಡಿಗರು ಬೆಂಗಳೂರಿನಲ್ಲೇ 450 ಸಂದರ್ಶನ ನಡೆಸಿ 2012ರಲ್ಲಿ ಫಲಿತಾಂಶ ಪ್ರಕಟಿಸಿದರು. ಒಂದೇ ಥರದ ಎರಡು ಮಾದರಿಗಳಲ್ಲಿ, ಪ್ರಶ್ನೆ ಕೇಳುವವರೇ ಮಾಡಿದ್ದೆಂದು ನಂಬಿದ್ದನ್ನು ಜನ ಮೆಚ್ಚುವ ಸಾಧ್ಯತೆ ಸುಮಾರು ಎರಡೂವರೆ ಪಟ್ಟು ಹೆಚ್ಚಿತ್ತು. ಕೇಳುವವರು ವಿದೇಶಿಯಾಗಿ, ನಡುವೆ ದುಭಾಷಿಯೂ ಇದ್ದರೆ ಐದು ಪಟ್ಟು! ಕಣ್ಣಿಗೆ ಕಾಣುವಷ್ಟು ಕಳಪೆಯಾದದ್ದನ್ನೂ ಒಳ್ಳೆಯದೆಂದರು.

ನಂಬಿಕೆ: ಅಕ್ಷರ ಬಾರದವರಿಗೆ ಫೋನು, ಆ್ಯಪ್ ಹತ್ತುವುದಿಲ್ಲ.

ಸತ್ಯ: ಬೆಂಗಳೂರಿನ ಮನೆಗೆಲಸದ ಹೆಂಗಸರ ಜೊತೆ ಸಂಶೋಧಕಿ ಇಂದ್ರಾಣಿ ಮೇಧಿ ಚಿತ್ರ, ದನಿಗಳಿಂದಲೇ ನಡೆಯುವ ಪರದೆ ರೂಪಿಸಿದರು, ಆ ಹೆಂಗಸರು ಬಳಸಿದರು. ಮಸ್ಕಿಯ ಬಂಡೆಯ ಮೇಲೆ ಅಶೋಕನೂ ಇದೇ ಧಾಟಿಯಲ್ಲಿ ಹೇಳಿಸಿದ್ದಾನೆ: ಧರ್ಮ ದೊಡ್ಡವರಿಗೆ ಮಾತ್ರ ದಕ್ಕುವುದೆಂದು ತಿಳಿಯಬೇಡಿ, ಸಣ್ಣವರಿಗೂ ಹೇಳಿ.

ಎಲ್ಲಕ್ಕಿಂತ ಗಟ್ಟಿ ತಪ್ಪು ಕಲ್ಪನೆ ಬೇರೆಯೇ ಇದೆ: ಬಳಸಲು ಬಾರದಿದ್ದರೆ ಬಳಸುವವರದೇ ಕೊರತೆ. ಭತ್ತದ ನಾಟಿ ಮಾಡಿ ಬೆರಳಗೆರೆ ಸವೆದ ಹೆಣ್ಣುಮಗಳ ಹೆಬ್ಬೆಟ್ಟನ್ನು ರೇಷನ್ ಅಂಗಡಿಯ ಯಂತ್ರ ಎಷ್ಟೋ ಸಲ ಗುರುತಿಸುವುದಿಲ್ಲ. ಆಕೆ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತಾಳೆ, ಮತ್ತೆ ಒತ್ತುತ್ತಾಳೆ, ಹಿಂದಿನ ಸಾಲಿನತ್ತ ನೋಡಿ ತಲೆ ತಗ್ಗಿಸುತ್ತಾಳೆ. ಸೋತದ್ದು ಯಂತ್ರ, ನಾಚಿದ್ದು ಈಕೆ. ಮುಂದಿನ ಸಲ ಮಗನನ್ನೇ ಕಳಿಸುತ್ತಾಳೆ, ಅಲ್ಲಿಗೆ ಆ ಸೋಲು ಯಾವ ಲೆಕ್ಕಕ್ಕೂ ಸಿಗದೆ ಹೋಗುತ್ತದೆ. ಸಂಶೋಧಕರು ಹುಡುಕಬೇಕಾದದ್ದು ಇಂಥ ಕಡೆ.

ಹಾಗಂತ ‘ಅಯ್ಯೋ ಪಾಪ’ ಅಂದರೆ ಆಕೆಯ ಸ್ಥಿತಿ ಅರಿತಂತಲ್ಲ. ಅದರಿಂದ ಆಕೆಯ ನಾಚಿಕೆ ಇನ್ನೂ ಹೆಚ್ಚುತ್ತದೆ. ಎಲ್ಲಿ, ಯಾರೆದುರು ಕೇಳುತ್ತೇವೆ ಎಂಬುದೂ ಮುಖ್ಯ. ಗೃಹಲಕ್ಷ್ಮಿ ಯೋಜನೆಯ 2000 ರೂಪಾಯಿ ಹೆಣ್ಣುಮಗಳ ಖಾತೆಗೇ ಬಂದರೂ, ಬ್ಯಾಂಕಿಗೆ ಕೊಟ್ಟದ್ದು ಮಗನ ನಂಬರಾದರೆ ಸಂದೇಶ ಅವನಿಗೆ ಹೋಗುತ್ತದೆ. ಲಿಂಗಸುಗೂರಿನ ಮನೆಯೊಂದರಲ್ಲಿ ಅತ್ತೆ, ಮಗ ಕೂತಿರುವಾಗ ‘ದುಡ್ಡು ಬಂದದ್ದು ಹೇಗೆ ಗೊತ್ತಾಗ್ತದ?’ ಅಂತ ಕೇಳಿದರೆ ಆಕೆ ಏನು ಹೇಳಿಯಾಳು? ಆಕೆ ಒಬ್ಬಳೇ ಇದ್ದಾಗ, ಸಂಶೋಧಕಿಯೊಬ್ಬಳು ಹೋಗಿ ಕೇಳಲಿ. ‘ಬರ್ತದೇನು?’ ಅನ್ನುವ ಬದಲು ‘ಕಳೆದ ಸಲ ಹೆಂಗ ಮಾಡಿದ್ರಿ, ತೋರಸ್ರಿ’ ಅನ್ನಲಿ. ಎರಡು ಮಾದರಿ ಕೈಗಿಟ್ಟರೆ, ತಮ್ಮದು ಯಾವುದೆಂದು ಸಂಶೋಧಕರು ಮಾತ್ರ ಬಾಯಿಬಿಡಬಾರದು.